ಹನ್ನೆರಡನೆಯ ಕೋಳಿ

ಅಮೆರಿಕದ ಅರ್ಧದಷ್ಟು ಮನೆಗಳಲ್ಲಿ ಪಾತ್ರೆ ತೊಳೆಯುವ ಯಂತ್ರ ಅಡುಗೆಮನೆಯನ್ನು ಕೆರೆ ಮಾಡದೆ ಸುಮ್ಮನೆ ತಿರುಗುತ್ತಿದ್ದರೆ ಅದಕ್ಕೆ ಕಾರಣ ನಾನು! ಯಂತ್ರ ಕಂಡುಹಿಡಿದ ಪುಣ್ಯಾತ್ಮ ಬೇರೆ ಇದ್ದಾನೆ, ಒಪ್ಪುತ್ತೇನೆ. ಆದರೆ ಅದರ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಕೈಪಿಡಿ ಇದೆಯಲ್ಲ, ಅದನ್ನು ಬರೆಯುವುದು ಈ ವೆಂಡೆಲ್. ‘ಚಿತ್ರ ಮೂರರಲ್ಲಿ ತೋರಿಸಿದಂತೆ ಕೊಳವೆಯನ್ನು ಎಡಕ್ಕೆ ತಿರುಗಿಸಿ’ ಎಂಬ ಅಮರ ವಾಕ್ಯ ನನ್ನದೇ. ಹದಿನೇಳು ವರ್ಷ ಮನೆಯ ಮೂಲೆಯ ಕೋಣೆಯಲ್ಲಿ ಕೂತು ಇಡೀ ದೇಶಕ್ಕೆ ಬುದ್ಧಿ ಹೇಳಿದವನಿಗೆ, ಆರು ವರ್ಷದ ಮಗಳು ಹ್ಯಾಟಿಗೆ ಒಂದನೇ ಕ್ಲಾಸಿನ ಲೆಕ್ಕದ ವರ್ಕ್‌ಬುಕ್ ಆರಿಸುವುದು ಯಾವ ಮಹಾ ಕೆಲಸ? ಒಂದು ವಾರ ಸಾಕು ಅಂದುಕೊಂಡೆ.

ಅಂದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನ ಅತ್ತೆಯ ಮನೆಯ ಹಿತ್ತಿಲಲ್ಲಿ ನಾವೆಲ್ಲ ಸೇರಿದ್ದೆವು. ನನ್ನ ಒಂದು ಕೈಯಲ್ಲಿ ಹಾಟ್‌ಡಾಗ್, ಇನ್ನೊಂದರಲ್ಲಿ ನಿಂಬೆ ಪಾನಕ. ಬಾಯಿ ಮಾತ್ರ ಖಾಲಿ ಇತ್ತು, ಅದೇ ಎಡವಟ್ಟಾಯಿತು.

“ಹ್ಯಾಟಿನ ನಾವು ಸ್ಕೂಲಿಗೆ ಹಾಕ್ತಿಲ್ಲ. ಮನೇಲೇ ಓದಿಸ್ತೀವಿ!” ಎಂದು ಘೋಷಿಸಿಬಿಟ್ಟೆ.

ಆಲೂಗಡ್ಡೆ ಸಲಾಡ್ ಬಡಿಸುತ್ತಿದ್ದ ಅತ್ತೆ ವರ್ನಾ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದರು. ಆಕೆ ಯಾರು ಅಂತ ಹೇಳಿಬಿಡುತ್ತೇನೆ. ಓಹಾಯೋದ ನಮ್ಮ ಈ ಪುಟ್ಟ ಊರಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಒಂದನೇ ಕ್ಲಾಸಿನ ಟೀಚರಾಗಿದ್ದವರು. ಎರಡಕ್ಕೆ ಎರಡು ಸೇರಿದರೆ ನಾಲ್ಕು ಅಂತ ಊರಿನ ಬ್ಯಾಂಕ್ ಮ್ಯಾನೇಜರಿಗೆ, ನನ್ನ ಹಲ್ಲು ಕಿತ್ತ ಡಾಕ್ಟರಿಗೆ, ಕೊನೆಗೆ ನನ್ನ ಹೆಂಡತಿಗೂ ಹೇಳಿಕೊಟ್ಟವರು ಆಕೆಯೇ. ನಡುವಯಸ್ಸಿನ ನಮ್ಮ ಷೆರಿಫ್ ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡು ಓಡಾಡುತ್ತಾನೆ. ಅತ್ತೆಯನ್ನು ಕಂಡರೆ ಈಗಲೂ ಬಾಯಲ್ಲಿದ್ದ ಚೂಯಿಂಗ್ ಗಮ್ ನುಂಗಿಬಿಡುತ್ತಾನೆ.

“ಲೆಕ್ಕ ಯಾರು ಹೇಳ್ಕೊಡ್ತಾರೆ?” ಎಂದರು ಅತ್ತೆ.

“ನಾನೇ, ಅತ್ತೆ.”

“ಹೌದಾ,” ಎಂದು ನನ್ನ ತಟ್ಟೆಗೆ ಒಂದು ಸೌಟು ಸಲಾಡ್ ಹಾಕಿ ಮುಂದೆ ಹೋದರು.

ಒಂದು ವಾರ ಬಿಟ್ಟು ಒಂದು ರಟ್ಟಿನ ಡಬ್ಬ ಹೊತ್ತುಕೊಂಡು ನಮ್ಮ ಮನೆಗೆ ಬಂದರು. “ಒಂದನೇ ಕ್ಲಾಸಿಂದು. ಬೇಕಾದ್ರೆ ನೋಡು, ಬೇಡದಿದ್ರೆ ಇಡು,” ಅಂದರು. ಶಾಲೆಯಿಂದ ಮಗುವನ್ನು ಉಳಿಸಿಕೊಂಡವನು ಶಾಲೆಯ ಕಸ ತಂದು ಮನೆಯೊಳಗೆ ಇಟ್ಟುಕೊಳ್ಳುತ್ತಾನೆಯೇ? ಡಬ್ಬಕ್ಕೆ ಅಂಟಿಸಿದ್ದ ಟೇಪನ್ನು ಕೂಡ ಬಿಚ್ಚಲಿಲ್ಲ. ಆಗಸ್ಟಿನಲ್ಲಿ ಹಳೇ ಕೋಟು, ಒಡೆದ ಟೋಸ್ಟರ್ ಎಲ್ಲ ಚರ್ಚಿಗೆ ದಾನ ಕೊಡುವಾಗ ಅದನ್ನೂ ಸೇರಿಸಿ ಕೊಟ್ಟು ಕೈ ತೊಳೆದುಕೊಂಡೆ.

ನಗಬೇಡಿ, ನನಗೂ ಒಂದು ಕಾರಣವಿತ್ತು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಟೀಚರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಏಳು ಮತ್ತು ಐದು ಸೇರಿದರೆ ಎಷ್ಟು ಎಂದು ಕೇಳಿದ್ದರು. ಹದಿಮೂರು ಅಂದೆ. ಇಡೀ ಕ್ಲಾಸು ನಕ್ಕಿತು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಹ್ಯಾಟಿ ಬೆಳಿಗ್ಗೆ ಎದ್ದು ಸೀರಿಯಲ್ ಬಟ್ಟಲು ಹಿಡಿದುಕೊಂಡು ನನ್ನ ಮೇಜಿನ ಕೆಳಗೆ ಕೂತು ತಾನೇ ಕಟ್ಟಿದ ಹಾಡು ಹೇಳಿಕೊಳ್ಳುವವಳು. ಅವಳನ್ನು ಅಂಥದೊಂದು ಬೋರ್ಡಿನ ಮುಂದೆ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ಶಾಲೆಯ ಹಳದಿ ಬಸ್ಸು ನಮ್ಮ ಮನೆಯ ಮುಂದೆ ಹಾದು ಹೋದಾಗೆಲ್ಲ ಕಿಟಕಿಯ ಪರದೆ ಎಳೆದುಬಿಡುತ್ತಿದ್ದೆ.

ಸೆಪ್ಟೆಂಬರ್ ಬಂತು. ಊರಿನಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವ ಮನೆಶಾಲೆಯವರದ್ದೇ ಒಂದು ಸಂಘವಿದೆ. ಪ್ರತಿ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತದೆ. ನಾನೂ ಸದಸ್ಯನಾದೆ. ಸಂಘದ ಮುಖ್ಯಸ್ಥೆ ಡಾರ್ಲೀನ್. ಏಳು ಮಕ್ಕಳ ತಾಯಿ. ಏಳನ್ನೂ ಮನೆಯಲ್ಲೇ ಓದಿಸಿ, ಬ್ರೆಡ್ಡನ್ನೂ ಮನೆಯಲ್ಲೇ ಸುಟ್ಟು, ಇನ್ನೂ ಹೊತ್ತು ಮಿಗಿಸಿಕೊಂಡು ನಮಗೆಲ್ಲ ಸಲಹೆ ಕೊಡುವ ಮಹಾತಾಯಿ.

“ವೆಂಡೆಲ್ ಅವ್ರೇ, ಹೆಂಡ್ತಿ ಆರಿಸೋದ್ರಲ್ಲಿ ತಪ್ಪಾದ್ರೂ ನಡೆಯುತ್ತೆ. ಲೆಕ್ಕದ ಪುಸ್ತಕ ಆರಿಸೋದ್ರಲ್ಲಿ ಆಗ್ಬಾರ್ದು,” ಎಂದು ಮೊದಲ ದಿನವೇ ನನ್ನ ನಿದ್ದೆ ಕೆಡಿಸಿದಳು.

ಸರಿ, ಸಂಶೋಧನೆ ಶುರುವಾಯಿತು! ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿ ಅಂಟಿಸಿದೆ. ಮೇಲೆ ಪುಸ್ತಕಗಳ ಹೆಸರು, ಪಕ್ಕದಲ್ಲಿ ಇಪ್ಪತ್ತೆಂಟು ಮಾನದಂಡಗಳು. ಕಾಗದ ಎಷ್ಟು ದಪ್ಪ, ರಬ್ಬರಿನಿಂದ ಉಜ್ಜಿದರೆ ಹರಿಯುತ್ತದೆಯೋ ಇಲ್ಲವೋ, ಚಿತ್ರದಲ್ಲಿರುವ ಪ್ರಾಣಿಗಳ ಮುಖದಲ್ಲಿ ಕಲಿಕೆಯ ಉತ್ಸಾಹ ಇದೆಯೋ ಇಲ್ಲವೋ, ಎಲ್ಲಕ್ಕೂ ಅಂಕ! ಸಂಶೋಧನೆಗೆ ಏಕಾಂತ ಬೇಕಲ್ಲ? ಹಾಗಾಗಿ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಹ್ಯಾಟಿಯನ್ನು ಅಜ್ಜಿಯ ಮನೆಗೆ ಬಿಟ್ಟು ಬರುತ್ತಿದ್ದೆ. ಅಜ್ಜಿ ಮೊಮ್ಮಗಳು ಕುಕೀ ಮಾಡಿಕೊಂಡು ಇರುತ್ತಾರೆ ಎಂದು ನನ್ನ ಎಣಿಕೆ.

ಪುಸ್ತಕಗಳು ಒಂದೊಂದಾಗಿ ಅಂಚೆಯಲ್ಲಿ ಬಂದವು. ಮೊದಲನೆಯದರಲ್ಲಿ ಎಲ್ಲ ಲೆಕ್ಕವೂ ಬೈಬಲ್ಲಿನ ಪ್ರಳಯದಲ್ಲಿ ಪ್ರಾಣಿಗಳು ಜೋಡಿಯಾಗಿ ಹತ್ತಿದ ನೋಹನ ನಾವೆಯಲ್ಲಿ ನಡೆಯುತ್ತಿತ್ತು. ಆನೆ ಎರಡು, ಒಂಟೆ ಎರಡು, ಇಲಿ ಎರಡು. ಐವತ್ತು ಪುಟ ತಿರುವಿದರೂ ಒಂದು ಬೆಸ ಸಂಖ್ಯೆ ಸಿಗಲಿಲ್ಲ! ಎರಡನೆಯದರಲ್ಲಿ ಮಗುವಿನ ಪುಸ್ತಕ ಅರವತ್ತು ಪುಟ, ಅದನ್ನು ಹೇಗೆ ಕಲಿಸಬೇಕು ಅಂತ ಅಪ್ಪ ಅಮ್ಮಂದಿರಿಗೆ ಕೊಟ್ಟ ಪುಸ್ತಕ ನಾನೂರು ಪುಟ. ಅದನ್ನು ಓದಿ ಮುಗಿಸುವ ಹೊತ್ತಿಗೆ ಹ್ಯಾಟಿಗೆ ಮದುವೆಯಾಗಿರುತ್ತದೆ. ಮೂರನೆಯದು ‘ಸಹಜ ಕಲಿಕೆ’ಯದು. ಮೊದಲ ಪುಟದಲ್ಲಿ ‘ಈ ಪುಸ್ತಕ ಮುಚ್ಚಿಟ್ಟು ಮಗುವಿನ ಜೊತೆ ಹೊರಗೆ ಹೋಗಿ’ ಎಂದಿತ್ತು. ಹೋದೆವು. ಮಳೆ ಬಂತು. ವಾಪಸು ಬಂದು ಎರಡನೇ ಪುಟ ತೆಗೆದರೆ ‘ಇನ್ನೂ ಒಳಗೇ ಇದ್ದೀರಾ?’ ಎಂದಿತ್ತು. ಅದಕ್ಕೆ ಸೊನ್ನೆ ಅಂಕ ಕೊಟ್ಟೆ.

ನನ್ನ ಹೆಂಡತಿ ರೋಂಡಾ ದನದ ಡಾಕ್ಟರು. ದಿನವಿಡೀ ಸುತ್ತಲಿನ ಹೊಲಗಳಲ್ಲಿ ಹಸುಗಳ ಹಿಂದೆ ಓಡಾಡಿ, ಗಂಬೂಟು ಬಾಗಿಲಲ್ಲಿ ಬಿಚ್ಚಿ ಒಳಗೆ ಬರುತ್ತಿದ್ದಳು. ಬಂದವಳು ಗೋಡೆಯ ಪಟ್ಟಿ ನೋಡುತ್ತಿದ್ದಳು.

“ಏನೋ, ಇನ್ನೂ ಆಗ್ಲಿಲ್ವಾ? ಹಸು ಕೂಡ ಒಂಬತ್ತು ತಿಂಗಳಿಗೆ ಕರು ಹಾಕುತ್ತೆ.”

“ಅವಸರ ಮಾಡ್ಬೇಡ ಕಣೇ. ಇದು ಬುನಾದಿ! ಬುನಾದಿ ಸೊಟ್ಟ ಆದ್ರೆ ಮನೆಯೇ ಸೊಟ್ಟ.”

“ಬುನಾದಿಗೆ ಜಾಗ ನೋಡೋದ್ರಲ್ಲೇ ಇದ್ಯಲ್ಲ, ಗುದ್ದಲಿ ಯಾವಾಗ ಹಿಡೀತೀಯಾ?”

ಒಂಬತ್ತನೆಯ ಪುಸ್ತಕದ ಜೊತೆ ಎಣಿಸಿ ಕಲಿಯಲೆಂದು ಇಪ್ಪತ್ತು ಪುಟಾಣಿ ಪ್ಲಾಸ್ಟಿಕ್ ಕರಡಿಗಳು ಬಂದವು. ಕೆಂಪು, ನೀಲಿ, ಹಸಿರು. ‘ಸ್ಪರ್ಶದಿಂದ ಸಂಖ್ಯಾಜ್ಞಾನ’ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅವುಗಳನ್ನು ಸೋಫಾದ ಮೇಲೆ ಬಿಟ್ಟು ನಾನು ಅಂಕ ಹಾಕಲು ಗೋಡೆಯ ಬಳಿ ಹೋದೆ. ನಮ್ಮ ನಾಯಿ ಟರ್ನಿಪ್‌ಗೆ ಸ್ಪರ್ಶದಿಂದ ತೃಪ್ತಿಯಾಗಲಿಲ್ಲ.

“ಅಪ್ಪ!” ಎಂದು ಹ್ಯಾಟಿ ಓಡಿ ಬಂದಳು. “ಮೂರೇ ಕರಡಿ ಇವೆ. ಹದಿನೇಳು ಟರ್ನಿಪ್ ಹೊಟ್ಟೇಲಿವೆ!”

“ಸುಮ್‌ಸುಮ್ನೆ ಏನೇನೋ ಹೇಳ್ಬೇಡ ಪುಟ್ಟಿ. ಎಷ್ಟು ಅಂತ ಎಕ್ಸ್‌ರೇ ತೆಗೆದ್ರೇನೇ ಗೊತ್ತಾಗೋದು.”

ರೋಂಡಾ ತನ್ನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಳು. ನಾಯಿಯ ಹೊಟ್ಟೆಯೊಳಗೆ ಕರಡಿಗಳು ಸಭೆ ಸೇರಿದ ಹಾಗೆ ಸಾಲಾಗಿ ಕೂತಿದ್ದವು. ಎಣಿಸಿದೆವು. ಹದಿನೇಳು.

“ಗಾಬರಿ ಇಲ್ಲ, ತಾವಾಗೇ ಹೊರಗೆ ಬರ್ತವೆ,” ಎಂದಳು ರೋಂಡಾ. “ಆದ್ರೆ ಎಲ್ಲಾ ಬಂದ್ವಾ ಅಂತ ಯಾರಾದ್ರೂ ನೋಡ್ಕೋಬೇಕು.”

ಆ ಜವಾಬ್ದಾರಿಯನ್ನು ಹ್ಯಾಟಿ ಸಂತೋಷದಿಂದ ವಹಿಸಿಕೊಂಡಳು. ಒಂದು ಕಡ್ಡಿ ಹಿಡಿದುಕೊಂಡು ಹಿತ್ತಿಲಲ್ಲಿ ಟರ್ನಿಪ್‌ನ ಹಿಂದೆಯೇ ತಿರುಗುತ್ತಿದ್ದಳು. ಪ್ರತಿದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದಳು.

“ಅಪ್ಪ, ಇವತ್ತು ಐದು ಬಂತು. ಇನ್ನು ಹನ್ನೆರಡು ಇದೆ.”

“ಆಯ್ತು ಪುಟ್ಟಿ.”

“ಅಪ್ಪ, ಇವತ್ತು ನಾಲ್ಕು. ಇನ್ನು ಎಂಟು. ಅದ್ರಲ್ಲಿ ಮೂರು ಕೆಂಪು, ಐದು ನೀಲಿ.”

“ಹ್ಯಾಟಿ, ಸ್ವಲ್ಪ ಸುಮ್ನಿರಮ್ಮ! ನಿಂಗೆ ಕಳೆಯೋ ಲೆಕ್ಕ ಕಲ್ಸೋ ಪುಸ್ತಕ ಹುಡುಕ್ತಾ ಇದೀನಿ, ಕಾಣ್ಸಲ್ವಾ?”

ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ರೋಂಡಾ ನನ್ನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು. ಲೋಟ ಕೆಳಗಿಟ್ಟಳು.

“ನೋಡು ವೆಂಡೆಲ್, ಇದಕ್ಕೊಂದು ಗಡುವು ಇರ್ಲಿ. ಥ್ಯಾಂಕ್ಸ್‌ಗಿವಿಂಗ್ ದಿನ ಊಟಕ್ಕೆ ಕೂತಾಗ ನಾನೇ ಹ್ಯಾಟಿಗೆ ಒಂದು ಕೂಡೋ ಲೆಕ್ಕ ಕೇಳ್ತೀನಿ. ಬಂದ್ರೆ ಸರಿ. ಬರ್ಲಿಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಹಳದಿ ಬಸ್ಸು.”

ಮಗಳು ಬೆನ್ನಿಗೊಂದು ಚೀಲ ಹಾಕಿಕೊಂಡು ಬಸ್ಸು ಹತ್ತುವ ಚಿತ್ರ ಕಣ್ಣಿಗೆ ಕಟ್ಟಿತು. ಥ್ಯಾಂಕ್ಸ್‌ಗಿವಿಂಗ್‌ಗೆ ಆರೇ ವಾರವಿತ್ತು, ನವೆಂಬರ್ ಕೊನೆಯಲ್ಲಿ ಎಲ್ಲರೂ ಸೇರಿ ಉಂಡು ದೇವರಿಗೆ ಕೃತಜ್ಞತೆ ಹೇಳುವ ಹಬ್ಬ ಅದು. ಗೋಡೆಯ ಪಟ್ಟಿಯಲ್ಲಿ ಒಂಬತ್ತು ಪುಸ್ತಕಗಳಿದ್ದವು, ಹ್ಯಾಟಿ ಒಂದರಲ್ಲೂ ಒಂದು ಪುಟ ಬರೆದಿರಲಿಲ್ಲ. ಬರೆದರೆ ಹಳೆಯದಾಗುತ್ತದೆ, ಹಿಂದಿರುಗಿಸಲು ಆಗುವುದಿಲ್ಲ ಎಂದು ನಾನೇ ಮುಟ್ಟಗೊಟ್ಟಿರಲಿಲ್ಲ.

ಉಳಿದದ್ದು ಒಂದೇ ಆಸೆ. ನವೆಂಬರಿನ ಮೊದಲ ಶನಿವಾರ ಮನೆಶಾಲೆ ಸಂಘದವರು ಚರ್ಚಿನ ನೆಲಮಾಳಿಗೆಯಲ್ಲಿ ಹಳೇ ಪುಸ್ತಕಗಳ ಸಂತೆ ನಡೆಸುತ್ತಾರೆ. ಅದು ಪುಸ್ತಕದ ಸಂತೆಯಲ್ಲ, ಕುರುಕ್ಷೇತ್ರ! ಬಾಗಿಲು ತೆರೆಯುವ ಮೊದಲೇ ಸಾಲು ಬೀದಿಯ ತಿರುವು ದಾಟಿರುತ್ತದೆ. ತಾಯಂದಿರು ಕೈಗಾಡಿ ತರುತ್ತಾರೆ, ಕೆಲವರು ಮೊಣಕೈಗೆ ಅಭ್ಯಾಸ ಮಾಡಿಕೊಂಡು ಬಂದಿರುತ್ತಾರೆ. ಆದರೆ ಹಿಂದಿನ ದಿನ ಕುರ್ಚಿ ಮೇಜು ಹಾಕಲು ಬಂದವರಿಗೆ ಒಂದು ಗಂಟೆ ಮೊದಲು ಒಳಗೆ ಬಿಡುತ್ತಾರೆ. ನಾನು ನೂರಿಪ್ಪತ್ತು ಕುರ್ಚಿ ಹಾಕಿದೆ. ಸೊಂಟ ಹಿಡಿದುಕೊಂಡಿತು, ಹಿಡಿದುಕೊಳ್ಳಲಿ ಬಿಡಿ.

ಬೆಳಿಗ್ಗೆ ಒಳಗೆ ನುಗ್ಗಿ ಒಂದೊಂದೇ ಮೇಜು ಜಾಲಾಡುತ್ತ ಬಂದೆ. ಕೊನೆಯ ಮೇಜಿನ ಮೂಲೆಯಲ್ಲಿ, ಒಡೆದ ಗ್ಲೋಬಿನ ಕೆಳಗೆ ಅದು ಕಂಡಿತು. ಮಾಸಿದ ನೀಲಿ ರಟ್ಟು, ಮೂರು ಪಿನ್ನು. ಒಳಗೆ ಹಳೇ ಸೈಕ್ಲೋಸ್ಟೈಲ್ ಪ್ರತಿಗಳ ಹಾಗೆ ನೇರಳೆ ಬಣ್ಣದ ಟೈಪು ಅಕ್ಷರ. ಕೈಯಿಂದ ಬಿಡಿಸಿದ ಕೋಳಿ, ಕುಂಬಳಕಾಯಿ, ಬಕೆಟ್ಟು. ಒಂದು ಪುಟಕ್ಕೆ ನಾಲ್ಕೇ ಲೆಕ್ಕ. ಉಪದೇಶವಿಲ್ಲ, ಕಾರ್ಟೂನಿಲ್ಲ. ಪ್ರಕಾಶಕರ ಹೆಸರಿಲ್ಲ, ಬರೆದವರ ಹೆಸರೂ ಇಲ್ಲ. ಹದಿನೇಳು ವರ್ಷ ಕೈಪಿಡಿ ಬರೆದವನು ನಾನು, ಸರಳ ವಾಕ್ಯದ ಬೆಲೆ ನನಗೆ ಗೊತ್ತು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಪುಸ್ತಕದ ಇನ್ನೊಂದು ತುದಿಯನ್ನು ಯಾರೋ ಹಿಡಿದರು. ಡಾರ್ಲೀನ್!

“ಬಿಡಿ ವೆಂಡೆಲ್ ಅವ್ರೇ, ನಾನು ಆಗ್ಲೇ ಕಣ್ಣಿಟ್ಟಿದ್ದೆ.”

“ಕಣ್ಣು ನೀವಿಟ್ಟಿರಬಹುದು, ಕೈ ಇಟ್ಟಿದ್ದು ನಾನು!”

“ನಿಮಗೊಂದೇ ಕೂಸು, ನನಗೆ ಏಳು!”

“ಏಳರಲ್ಲಿ ಆರು ಒಂದನೇ ಕ್ಲಾಸು ದಾಟಿವೆಯಲ್ರೀ!”

ಅವಳು ಎಳೆದಳು, ನಾನು ಎಳೆದೆ. ಒಂದು ಪಿನ್ನು ಕಿತ್ತು ಬಂತು. ಕೊನೆಗೆ ಸಂಧಾನ ನಡೆಯಿತು. ನನ್ನ ಒಂಬತ್ತು ಹೊಸ ಪುಸ್ತಕಗಳನ್ನೂ, ಆ ನಾನೂರು ಪುಟದ್ದನ್ನೂ ಸೇರಿಸಿ, ಇಪ್ಪತ್ತು ಕರಡಿಗಳ ಸಮೇತ ಡಾರ್ಲೀನಳಿಗೆ ಕೊಟ್ಟು ಈ ಒಂದು ಪುಸ್ತಕ ಬಿಡಿಸಿಕೊಂಡೆ. ಕರಡಿಗಳನ್ನು ಚೆನ್ನಾಗಿ ತೊಳೆದಿದ್ದೆ. ಅವುಗಳ ಪೂರ್ವಚರಿತ್ರೆಯನ್ನು ಮಾತ್ರ ಹೇಳಲಿಲ್ಲ.

ಮನೆಗೆ ಬಂದು ರೋಂಡಾಳ ಮುಂದೆ ಹಿಡಿದೆ. “ನೋಡು! ಯಾರೋ ಒಬ್ಬ ತಾಯಿ ಬರೆದಿದ್ದು. ಹೊಲದ ನಡುವೆ ಒಂಟಿ ಮನೆ, ಒಲೆ ಮೇಲೆ ಸೂಪು, ಮಡಿಲಲ್ಲಿ ಕೂಸು. ಈ ಶಾಲೆಗಳ ಸಹವಾಸವೇ ಬೇಡ ಅಂತ ತಾನೇ ಕೂತು ಟೈಪ್ ಮಾಡಿದಾಳೆ!”

ರೋಂಡಾ ಪುಸ್ತಕ ತಿರುವಿದಳು. ಅವಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಸಿಂಕಿನ ಕಡೆ ತಿರುಗಿ ತುಂಬ ಹೊತ್ತು ಕೆಮ್ಮಿದಳು.

“ಚೆನ್ನಾಗಿದೆ ಕಣೋ,” ಎಂದಳು ಕಣ್ಣೊರೆಸಿಕೊಂಡು. “ಥ್ಯಾಂಕ್ಸ್‌ಗಿವಿಂಗ್‌ಗೆ ಅಮ್ಮ ಬರ್ತಾಳಲ್ಲ, ತಪ್ಪದೆ ತೋರ್ಸು.”

ಸೋಮವಾರ ಪಾಠ ಶುರು! ಪವಾಡವನ್ನು ಕಣ್ಣಾರೆ ಕಂಡೆ. ಹ್ಯಾಟಿ ಒಂದೇ ಗಂಟೆಯಲ್ಲಿ ಹದಿಮೂರು ಪುಟ ಮುಗಿಸಿದಳು! ಪೆನ್ಸಿಲ್ ನಿಲ್ಲಲೇ ಇಲ್ಲ.

“ಅಪ್ಪ, ಇದು ನಂಗೆ ಗೊತ್ತು.”

“ಗೊತ್ತು ಅಂತ ಅನ್ಸುತ್ತೆ ಪುಟ್ಟಿ! ಹಾಗನ್ನಿಸೋ ಥರ ಬರ್ಯೋದೇ ಒಳ್ಳೇ ಪುಸ್ತಕದ ಲಕ್ಷಣ.”

“ಅಲ್ಲಪ್ಪ, ನಿಜವಾಗ್ಲೂ...”

“ನೋಡಿದ್ಯಾ, ಆತ್ಮವಿಶ್ವಾಸ ಹೇಗೆ ಬಂದಿದೆ!”

ಆಗ ಹದಿನಾಲ್ಕನೇ ಪುಟ ಬಂತು. ‘ಕೊಟ್ಟಿಗೆಯ ಮುಂದೆ ಏಳು ಕೋಳಿ. ಬೇಲಿಯ ಮೇಲೆ ಐದು ಕೋಳಿ. ಒಟ್ಟು ಎಷ್ಟು?’ ಏಳು ಮತ್ತು ಐದು! ಹ್ಯಾಟಿಗೆ ಉತ್ತರ ಹೇಳುವ ಮೊದಲು ನಾನೇ ಖಾತ್ರಿ ಮಾಡಿಕೊಳ್ಳೋಣ ಎಂದು ಚಿತ್ರದ ಕೋಳಿಗಳನ್ನು ಎಣಿಸಿದೆ. ಹನ್ನೊಂದು. ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿದೆ. ಹನ್ನೆರಡು. ನನ್ನ ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ, ಎಡದಿಂದ, ಬಲದಿಂದ, ಕೊಕ್ಕು ಹಿಡಿದು, ಬಾಲ ಹಿಡಿದು. ಹನ್ನೊಂದೇ! ಬೇಲಿಯ ಮೇಲೆ ನಾಲ್ಕೇ ಕೋಳಿಗಳಿದ್ದವು.

“ಅಪ್ಪ, ಇಲ್ಲಿ ಒಂದು ಕೋಳಿ ಬರೀಬೇಕು, ಅಷ್ಟೇ,” ಎಂದು ಹ್ಯಾಟಿ ಕೆಂಪು ಕ್ರೆಯಾನ್ ತೆಗೆದಳು.

“ಏಯ್! ಪುಸ್ತಕದಲ್ಲಿ ಗೀಚ್ಬೇಡ!” ಎಂದು ಕಸಿದುಕೊಂಡೆ. ಇಂಥ ಗ್ರಂಥ ಬರೆದ ತಾಯಿ ಸುಮ್ಮನೆ ತಪ್ಪು ಮಾಡುತ್ತಾಳೆಯೇ? ಇದರಲ್ಲಿ ಏನೋ ಮರ್ಮವಿದೆ. ಅದು ತಿಳಿಯುವವರೆಗೆ ಪಾಠ ಮುಂದಕ್ಕೆ ಹೋಗಬಾರದು ಎಂದು ತೀರ್ಮಾನಿಸಿದೆ.

ಆ ಗುರುವಾರ ಸಂಘದಲ್ಲಿ ಬೇರೆ ವಿಷಯವೇ ಚರ್ಚೆಯಾಗಲಿಲ್ಲ. ಪುಟ ಕೈಯಿಂದ ಕೈಗೆ ಹೋಯಿತು.

“ಕಾಣದ್ದನ್ನೂ ನಂಬೋದು ಕಲ್ಸೋಕೆ ಹೀಗೆ ಮಾಡಿದಾರೆ. ಇದು ಲೆಕ್ಕ ಅಲ್ಲ, ಭಕ್ತಿ,” ಎಂದರು ಪಾದ್ರಿಯ ಹೆಂಡತಿ.

“ಕೋಳಿ ಕೊಟ್ಟಿಗೆ ಹಿಂದೆ ಮೊಟ್ಟೆ ಇಡೋಕೆ ಹೋಗಿದೆ,” ಎಂದಳು ಡಾರ್ಲೀನ್. ಪುಸ್ತಕ ಕೈ ತಪ್ಪಿದ ಸಂಕಟ ಅವಳಿಗಿನ್ನೂ ಹೋಗಿರಲಿಲ್ಲ. “ಒಂದು ಕೋಳಿ ಹುಡುಕೋಕೆ ಆಗದೋರ ಕೈಗೆ ಪುಸ್ತಕ ಸಿಕ್ರೆ ಇದೇ ಗತಿ.”

ಜೇನು ಸಾಕುವ ಒಬ್ಬ ಅಪ್ಪ ಎದ್ದು ನಿಂತ. “ನರಿ ತಿಂದಿರ್ಬೇಕು ಕಣ್ರೀ,” ಎಂದು ಕೂತ. ಅವನ ಪಕ್ಕದ ಮಗು ಅಳಲು ಶುರು ಮಾಡಿತು.

ನಾನು ಮಾತ್ರ ಇದು ಉನ್ನತ ಚಿಂತನೆಯ ಅಭ್ಯಾಸ ಎಂದು ವಾದಿಸಿದೆ. ಎರಡು ಗಂಟೆ ವಾದ ನಡೆಯಿತು. ಇಬ್ಬರು ಮಾತು ಬಿಟ್ಟರು. ಹೀಗೆ ಚಿಂತನೆ ಮಾಡುತ್ತ ಮಾಡುತ್ತ ಎರಡು ವಾರ ಕಳೆದು ಥ್ಯಾಂಕ್ಸ್‌ಗಿವಿಂಗ್ ಬಾಗಿಲಿಗೆ ಬಂದು ನಿಂತಿತು. ನಾವಿನ್ನೂ ಹದಿನಾಲ್ಕನೇ ಪುಟದಲ್ಲೇ ಇದ್ದೆವು.

ಅವತ್ತು ಮಧ್ಯಾಹ್ನ ಅತ್ತೆ ಒಂದು ಕೈಯಲ್ಲಿ ಕುಂಬಳಕಾಯಿ ಪೈ, ಇನ್ನೊಂದರಲ್ಲಿ ತಮ್ಮ ದೊಡ್ಡ ಕೈಚೀಲ ಹಿಡಿದುಕೊಂಡು ಬಂದರು. ಟರ್ಕಿ ಕೋಳಿ ಮೇಜಿನ ನಡುವೆ ಬಂತು. ಟರ್ನಿಪ್ ಮೇಜಿನ ಕೆಳಗೆ ಬಂತು. ಊಟಕ್ಕೆ ಮೊದಲು ಒಬ್ಬೊಬ್ಬರೂ ಈ ವರ್ಷ ಯಾವುದಕ್ಕೆ ಕೃತಜ್ಞರು ಎಂದು ಹೇಳಬೇಕು, ಅದು ಸಂಪ್ರದಾಯ. ರೋಂಡಾ ಅವಳಿ ಕರುಗಳಿಗೆ ಕೃತಜ್ಞತೆ ಹೇಳಿದಳು. ಹ್ಯಾಟಿ ಹದಿನೇಳೂ ಕರಡಿ ಹೊರಗೆ ಬಂದದ್ದಕ್ಕೆ ಹೇಳಿದಳು. ನಾನು ಎದ್ದು ನಿಂತೆ. ಬಸ್ಸಿನ ಭಯ ಎದೆಯಲ್ಲಿ, ನೀಲಿ ಪುಸ್ತಕ ಕೈಯಲ್ಲಿ. ಲೆಕ್ಕದ ಪರೀಕ್ಷೆಗೆ ಮೊದಲೇ ಒಂದು ಒಳ್ಳೇ ಭಾಷಣ ಹೊಡೆದರೆ ಎಲ್ಲರ ಮನಸ್ಸು ಕರಗಬಹುದು ಎಂಬುದು ನನ್ನ ಉಪಾಯ.

“ಈ ಪುಸ್ತಕ ಬರೆದ ಹೆಸರಿಲ್ಲದ ಮಹಾತಾಯಿಗೆ ನಾನು ಕೃತಜ್ಞ!” ಎಂದೆ. “ಅತ್ತೆ, ಬೇಜಾರು ಮಾಡ್ಕೋಬೇಡಿ. ಮಕ್ಕಳ ಮನಸ್ಸು ಹೀಗೆ ಬಲ್ಲೋಳು ಯಾವ ಸ್ಕೂಲಿನ ಮೆಟ್ಟಿಲೂ ತುಳಿದಿರೋಕೆ ಸಾಧ್ಯ ಇಲ್ಲ!”

ಅತ್ತೆ ಕನ್ನಡಕ ಹಾಕಿಕೊಂಡು ಪುಸ್ತಕದ ರಟ್ಟನ್ನು ನೋಡಿದರು.

“ತುಳಿದಿದೀನಿ ಕಣಪ್ಪ,” ಎಂದರು. “ಒಂಬತ್ತು ಮೆಟ್ಟಿಲು. ಮೂವತ್ನಾಲ್ಕು ವರ್ಷ ದಿನಾ ಹತ್ತಿ ಇಳಿದಿದೀನಿ.”

ನಾನು ನಿಂತೇ ಇದ್ದೆ. ಕೂರಬೇಕು ಎಂಬುದು ಮರೆತು ಹೋಗಿತ್ತು.

“ಇದು... ನೀವು ಬರೆದಿದ್ದಾ?”

“ಮತ್ತಿನ್ಯಾರು? ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಪುಸ್ತಕ ಸಾಕಾಗ್ತಿರ್ಲಿಲ್ಲ, ನಾನೇ ಟೈಪ್ ಮಾಡಿ ಪ್ರತಿ ತೆಗೆದೆ. ಒಂದು ನಿಂಗೆ ಕೊಟ್ಟಿದ್ನಲ್ಲ, ಜುಲೈನಲ್ಲಿ.”

“ಯಾವ... ಯಾವಾಗ?”

“ಆ ಡಬ್ಬದಲ್ಲಿ.”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಕೂಸನ್ನು ದಾನ ಕೊಟ್ಟು, ಸೊಂಟ ಮುರಿದುಕೊಂಡು, ಒಂಬತ್ತು ಪುಸ್ತಕ ತೆತ್ತು ಅದೇ ಕೂಸನ್ನು ಬಿಡಿಸಿಕೊಂಡು ಬಂದಿದ್ದೆ!

“ಅತ್ತೆ, ಹಾಗಾದ್ರೆ ಹದಿನಾಲ್ಕನೇ ಪುಟ...” ಎಂದೆ. ಎರಡು ವಾರ ಚಿಂತಿಸಿದ್ದನ್ನು ಕೇಳಿಯೇಬಿಟ್ಟೆ. “ಹನ್ನೆರಡನೇ ಕೋಳಿ ಇಲ್ವಲ್ಲ, ಅದ್ರ ಒಳ ಅರ್ಥ ಏನು?”

“ಒಳ ಅರ್ಥ ಏನು ಬಂತು? ಊಟದ ಬೆಲ್ಲು ಹೊಡೀತು, ಬರ್ಯೋಕಾಗ್ಲಿಲ್ಲ,” ಎಂದರು ಅತ್ತೆ. “ಆಮೇಲೆ ಹಾಗೇ ಬಿಟ್ಟೆ. ಎಲ್ಲಾ ಮಕ್ಕಳೂ ನೋಡಿದ ತಕ್ಷಣ ‘ಟೀಚರ್, ಒಂದು ಕೋಳಿ ಕಮ್ಮಿ ಇದೆ’ ಅಂತಿದ್ವು. ಹಾಗಾದ್ರೆ ನೀವೇ ಬರೀರಿ ಅಂತಿದ್ದೆ. ಅಷ್ಟೇ.”

ಮೇಜಿನ ಆ ಕಡೆಯಿಂದ ರೋಂಡಾಳಿಗೆ ಮತ್ತೆ ಕೆಮ್ಮು ಬಂತು.

“ನಿಂಗೂ ಗೊತ್ತಿತ್ತಾ?”

“ಆ ಪುಸ್ತಕದಲ್ಲೇ ಕಲಿತೋಳು ಕಣೋ ನಾನು! ಆಮೇಲೆ, ಇವಳು ಮಂಗಳವಾರ ಶುಕ್ರವಾರ ಅಮ್ಮನ ಮನೇಲಿ ಏನು ಮಾಡ್ತಾಳೆ ಅನ್ನೋದು ಟರ್ನಿಪ್‌ಗೂ ಗೊತ್ತಿತ್ತು.”

“ಮತ್ತೆ ಬಸ್ಸು ಅಂತ ಹೆದರಿಸಿದ್ದು?”

“ಹ್ಯಾಟಿಗೆ ಅಂತ ಎಲ್ಲಿ ಹೇಳಿದ್ದೆ? ನಿನ್ನನ್ನ ಹತ್ತಿಸೋಣ ಅಂತಿದ್ದೆ.” ಎಂದವಳು ಮಗಳ ಕಡೆ ತಿರುಗಿದಳು. “ಆದ್ರೂ ಮಾತು ಮಾತೇ. ಹ್ಯಾಟಿ, ಹೇಳಮ್ಮ. ಏಳು ಕೂಡಿಸು ಐದು?”

ಏಳು ಮತ್ತು ಐದು! ಎಲ್ಲ ಬಿಟ್ಟು ಅದನ್ನೇ ಕೇಳಬೇಕೇ? ನನ್ನ ಕಣ್ಣ ಮುಂದೆ ಬೋರ್ಡು ಬಂತು, ಇಡೀ ಕ್ಲಾಸು ಬಂತು. ಎರಡು ವಾರ ಚಿಂತಿಸಿದ ಹನ್ನೆರಡು ಕೋಳಿಗಳೂ ತಲೆಯಿಂದ ಹಾರಿಹೋದವು. ಮಗಳ ಮಾನ ಉಳಿಸಬೇಕೆಂದು ಕರವಸ್ತ್ರದ ಮರೆಯಲ್ಲಿ ಬಾಗಿ ಅವಳ ಕಿವಿಯಲ್ಲಿ ಉಸುರಿದೆ: “ಹದಿಮೂರು!”

ಹ್ಯಾಟಿ ನನ್ನ ಕೈಯನ್ನು ತಟ್ಟಿದಳು. “ಹನ್ನೆರಡು, ಅಪ್ಪ,” ಎಂದಳು ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದ ಹಾಗೆ. ಆಮೇಲೆ ಜೋರಾಗಿ ಎಲ್ಲರಿಗೂ ಹೇಳಿದಳು.

ಬಸ್ಸು ತಪ್ಪಿತು. ಮಗಳು ಮನೆಯಲ್ಲೇ ಉಳಿದಳು. ನನಗೆ ನಿಜವಾಗಿಯೂ ಹಿಗ್ಗಾಯಿತು. ಆದರೆ ಮೂವತ್ತನಾಲ್ಕು ವರ್ಷ ಕೊನೆಯ ಬೆಂಚಿನ ಪಿಸುಮಾತನ್ನೇ ಕೇಳಿಸಿಕೊಂಡು ಬಂದ ಕಿವಿಗಳು ಮೇಜಿನ ಆ ತುದಿಯಲ್ಲಿದ್ದವು.

“ಸೋಮವಾರ ಒಂಬತ್ತು ಗಂಟೆಗೆ ನಾನೇ ಇಲ್ಲಿಗೆ ಬರ್ತೀನಿ,” ಎಂದರು ಅತ್ತೆ ನನ್ನ ತಟ್ಟೆಗೆ ಟರ್ಕಿ ಬಡಿಸುತ್ತ. “ಎರಡು ಪೆನ್ಸಿಲ್ ಚೂಪು ಮಾಡಿಡು. ಒಂದು ಅವಳಿಗೆ, ಒಂದು ನಿಂಗೆ. ನಗೋರು ಯಾರೂ ಇರಲ್ಲ, ಹೆದರ್ಕೋಬೇಡ.”

ಹ್ಯಾಟಿ ಅಜ್ಜಿಯ ಕೈಚೀಲದಿಂದ, ಅಜ್ಜಿಯ ಮನೆಯಲ್ಲಿ ತಾನು ಬರೆಯುತ್ತಿದ್ದ ಇನ್ನೊಂದು ನೀಲಿ ಪುಸ್ತಕವನ್ನು ತೆಗೆದುಕೊಂಡು ಬಂದು ನನ್ನ ತೊಡೆಯ ಮೇಲೆ ಹತ್ತಿ ಕೂತಳು. ಹದಿನಾಲ್ಕನೇ ಪುಟ ತೆರೆದಳು. ಕೊಟ್ಟಿಗೆಯ ಮುಂದೆ ನೇರಳೆ ಬಣ್ಣದ ಏಳು ಕೋಳಿಗಳಿದ್ದವು, ಬೇಲಿಯ ಮೇಲೆ ನಾಲ್ಕು. ಬೇಲಿಯ ತುದಿಯಲ್ಲಿ ಕೆಂಪು ಕ್ರೆಯಾನಿನ ಹನ್ನೆರಡನೆಯದು. ಅದಕ್ಕೆ ಕನ್ನಡಕವಿತ್ತು. ಅದರ ಸುತ್ತ ಪುಸ್ತಕಗಳ ರಾಶಿಯಿತ್ತು. ಎಣಿಸಿದೆ, ಒಂಬತ್ತು.

“ಇದೊಂದು ಕೋಳಿ ಯಾಕೆ ಪುಟ್ಟಿ ಆ ಕಡೆ ಕೂತಿದೆ?”

“ಬೇರೆ ಕೋಳಿಗಳೆಲ್ಲ ಕಾಳು ತಿಂತಾ ಇವೆ ಅಪ್ಪ. ಇದು ಮಾತ್ರ ಯಾವ ಕಾಳು ಒಳ್ಳೇದು ಅಂತ ಓದ್ತಾ ಇದೆ.”

ಚಿತ್ರದ ಕೆಳಗೆ ಚಿನ್ನದ ಬಣ್ಣದ ಒಂದು ನಕ್ಷತ್ರ ಅಂಟಿಸಿತ್ತು. ಪಕ್ಕದಲ್ಲಿ ಅತ್ತೆಯ ದುಂಡು ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ ಬರೆದಿತ್ತು: ‘ಲೆಕ್ಕ ಸರಿ. ಹೋಲಿಕೆ ತುಂಬಾ ಚೆನ್ನಾಗಿ ಬಂದಿದೆ!’